ಕೊರಳಿಗೊಂದು ವಸ್ತ್ರ



ನನ್ನ ಮಾತು ನಿಮ್ಮ ಕಿವಿಗೆ ಬೀಳುವ ಹೊತ್ತಿಗೆ ನೀವು ಹೊಲದಿಂದ ಬಂದು ಕಟ್ಟೆಯ ಮೇಲೆ ಕುಳಿತಿರಬಹುದು. ಎಮ್ಮೆ ಹಿಂಡುತ್ತಿರಬಹುದು. ಸಂತೆಯಿಂದ ತಂದ ಗಂಟು ಬಿಚ್ಚುತ್ತಿರಬಹುದು. ಏನೇ ಮಾಡುತ್ತಿರಿ, ನಿಮ್ಮ ಹೆಗಲ ಮೇಲೆ ಇಲ್ಲವೆ ಕೊರಳ ಸುತ್ತ ಒಂದು ತುಂಡು ಬಟ್ಟೆ ಇದ್ದೇ ಇರುತ್ತದೆ. ಅದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿರಿ. ಇವತ್ತು ನಾನು ಮಾತಾಡುವುದು ಅದರ ಬಗ್ಗೆ.

ನಮ್ಮ ಅಕ್ಕಲಕೋಟೆ ತಾಲ್ಲೂಕಿನಲ್ಲಿ ಇದಕ್ಕೆ ಹಲವು ಹೆಸರು. ಹಿರಿಯರು ವಸ್ತ್ರ ಎಂದರು. ಈಗಿನವರು ಟಾವೆಲ್ ಎನ್ನುತ್ತಾರೆ. ಮರಾಠಿ ಮಂದಿ ಪಂಚಾ ಎನ್ನುತ್ತಾರೆ, ಸ್ವಲ್ಪ ಮಡಿಯದಾದರೆ ಉಪರಣೆ ಎನ್ನುತ್ತಾರೆ. ಕಿಸೆಯಲ್ಲಿಡುವ ಸಣ್ಣದಕ್ಕೆ ಕಲಬುರ್ಗಿ ಕಡೆಯವರು ದಸ್ತಿ ಎನ್ನುತ್ತಾರೆ. ಇನ್ನು ರುಮಾಲು ಎಂಬ ಮಾತಿನಲ್ಲಿ ನಮ್ಮಂಥ ಎರಡು ಭಾಷೆಯವರು ಎಷ್ಟು ಸಲ ಮೋಸ ಹೋಗಿದ್ದೇವೋ! ಮನೆಯಲ್ಲಿ ಕನ್ನಡದಲ್ಲಿ ರುಮಾಲು ಎಂದರೆ ತಲೆಗೆ ಸುತ್ತುವುದು. ಪೇಟೆಯ ಅಂಗಡಿಯಲ್ಲಿ ರುಮಾಲು ಕೊಡ್ರಿ ಎಂದರೆ ಮೂಗು ಒರೆಸುವ ಚೌಕ ಕೈಗಿಡುತ್ತಾರೆ. ಮೂಲದಲ್ಲಿ ಅದು ಫಾರಸಿ ಮಾತು. ರೂ ಎಂದರೆ ಮುಖ, ಮಾಲ್ ಎಂದರೆ ಒರೆಸುವುದು. ಮುಖ ಒರೆಸುವ ಬಟ್ಟೆ ನಮ್ಮಲ್ಲಿ ತಲೆಗೇರಿ ಮಾನದ ಬಟ್ಟೆಯಾಯಿತು. ಪುಣೆಯಲ್ಲಿರುವ ಪೇಶ್ವೆ ದಫ್ತರದಲ್ಲಿ ಹಳೆಯ ಮೋಡಿ ಕಾಗದಗಳನ್ನು ಕಟ್ಟಿಟ್ಟ ಗಂಟಿಗೂ ರುಮಾಲು ಎಂದೇ ಹೆಸರು. ಲೆಕ್ಕದ ಕಾಗದ ಕಟ್ಟಿಡುವುದರಲ್ಲೇ ವಯಸ್ಸು ಕಳೆದ ಬ್ಯಾಂಕಿನ ಕಾರಕೂನ ನಾನು. ಒಂದೇ ಬಟ್ಟೆ ಮುಖಕ್ಕೂ ತಲೆಗೂ ಕಾಗದಕ್ಕೂ ಆಗುವುದು ನನಗೆ ಬಹಳ ಇಷ್ಟದ ಸಂಗತಿ.

ಈ ವಸ್ತ್ರದ ಉಪಯೋಗ ನಿಮಗೆ ನಾನು ಹೇಳಬೇಕಿಲ್ಲ. ಬಿಸಿಲಿಗೆ ತಲೆಯ ಮೇಲೆ, ಬೆವರಿಗೆ ಕೊರಳಲ್ಲಿ, ದೂಳಿಗೆ ಮೂಗಿನ ಮೇಲೆ. ಹೊರೆ ಹೊರುವಾಗ ಸುತ್ತಿ ಸಿಂಬಿ ಮಾಡುತ್ತೀರಿ. ಬುತ್ತಿ ಕಟ್ಟುತ್ತೀರಿ. ತೊಗರಿ ಮಾರಿದ ರೊಕ್ಕ ತುದಿಯಲ್ಲಿ ಗಂಟು ಹಾಕಿ ತರುತ್ತೀರಿ. ಬಾವಿಯ ಹತ್ತಿರ ಕೈಕಾಲು ತೊಳೆದು ಅದರಿಂದಲೇ ಒರೆಸಿ, ಅದನ್ನೇ ಹಾಸಿ ಒಂದು ಗಳಿಗೆ ಅಡ್ಡಾಗುತ್ತೀರಿ. ಹಿಂದೆ ಹೋದ ಕೂಸು ಅತ್ತರೆ ಬೇವಿನ ಟೊಂಗೆಗೆ ಕಟ್ಟಿ ಜೋಳಿಗೆ ಮಾಡುತ್ತೀರಿ. ಹೊಲಿಗೆ ಇಲ್ಲ, ಗುಂಡಿ ಇಲ್ಲ, ಅಳತೆ ಇಲ್ಲ. ಅಪ್ಪನದು ಮಗನಿಗೆ ಆಗುತ್ತದೆ.

ಇದು ನಮ್ಮ ಕಡೆಯ ಒಕ್ಕಲಿಗನ ಬಟ್ಟೆ ಮಾತ್ರ ಎಂದು ನೀವು ತಿಳಿದಿದ್ದರೆ ಇನ್ನೊಂದಿಷ್ಟು ಕೇಳಿರಿ. 1974ರಲ್ಲಿ ಚೀನಾ ದೇಶದ ಶಿಆನ್ ನಗರದ ಹತ್ತಿರ ರೈತರು ಬಾವಿ ತೋಡುವಾಗ ಮಣ್ಣಿನ ಸೈನಿಕರ ಗೊಂಬೆಗಳು ಸಿಕ್ಕವು. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದಿನ ಅರಸನ ಗೋರಿಗೆ ಕಾವಲು ಇಟ್ಟ ಸೈನ್ಯ ಅದು. ಆ ಸೈನಿಕರ ಕೊರಳಲ್ಲಿ ಸುತ್ತಿದ ಬಟ್ಟೆ ಇದೆ. ರೋಮ್ ನಗರದಲ್ಲಿ ಟ್ರಾಜನ್ ಎಂಬ ಚಕ್ರವರ್ತಿಯ ವಿಜಯಸ್ತಂಭವಿದೆ, ಕ್ರಿಸ್ತಶಕ 113ರದು. ಅದರಲ್ಲಿ ಕೆತ್ತಿದ ಸಿಪಾಯಿಗಳ ಕೊರಳಲ್ಲೂ ಇದೆ. ಕಾರಣ ಸರಳ. ಲೋಹದ ಕವಚದ ಅಂಚು ಕತ್ತನ್ನು ಉಜ್ಜಿ ಗಾಯ ಮಾಡುತ್ತದೆ. ನಡುವೆ ಒಂದು ಮೆತ್ತನೆಯ ಬಟ್ಟೆ ಬೇಕು. ನೊಗದ ಕೆಳಗೆ ಎತ್ತಿನ ಹೆಗಲಿಗೆ ನಾವು ಗೋಣಿ ತುಂಡು ಇಡುವುದಿಲ್ಲವೆ, ಹಾಗೆ.

17ನೆಯ ಶತಮಾನದಲ್ಲಿ ಯುರೋಪಿನಲ್ಲಿ 30 ವರ್ಷ ನಡೆದ ಒಂದು ಯುದ್ಧದ ಕಾಲಕ್ಕೆ ಕ್ರೊವೇಷಿಯಾದ ಕೂಲಿ ಸಿಪಾಯಿಗಳು ಫ್ರಾನ್ಸಿಗೆ ಬಂದರು. ಅವರ ಕೊರಳಲ್ಲಿ ಗಂಟು ಹಾಕಿದ ವಸ್ತ್ರ ಇತ್ತು. ಪ್ಯಾರಿಸ್ಸಿನ ಶ್ರೀಮಂತರಿಗೆ ಅದು ಚಂದ ಕಂಡಿತು, ತಾವೂ ಕಟ್ಟಿಕೊಂಡರು. ಕ್ರೊವಾಟ್ ಜನರ ಹೆಸರಿನಿಂದಲೇ ಅದಕ್ಕೆ ಕ್ರವಾಟ್ ಎಂಬ ಹೆಸರು ಬಂತು. ಅದೇ ಬರಬರುತ್ತ ಸಣ್ಣದಾಗಿ, ಉದ್ದವಾಗಿ, ಈಗಿನ ಟೈ ಆಯಿತು. ಬ್ಯಾಂಕಿಗೆ ತಪಾಸಣೆಗೆ ಬರುತ್ತಿದ್ದ ದೊಡ್ಡ ಸಾಹೇಬರ ಕೊರಳಲ್ಲಿ ಟೈ ಕಂಡಾಗ ನಾವೆಲ್ಲ ಎದ್ದು ನಿಲ್ಲುತ್ತಿದ್ದೆವು. ಅದು ಬೆವರು ಒರೆಸುವ ವಸ್ತ್ರದ ಮೊಮ್ಮಗ ಎಂದು ನಮಗೆ ಆಗ ಯಾರು ಹೇಳಬೇಕು!

ಅಮೆರಿಕದಲ್ಲಿ ದನ ಕಾಯುವ ಕೌಬಾಯ್‌ಗಳು ಕೊರಳಲ್ಲಿ ಚುಕ್ಕೆ ಚುಕ್ಕೆಯ ವಸ್ತ್ರ ಕಟ್ಟುತ್ತಿದ್ದರು. ಮಂದೆ ದೂಳೆಬ್ಬಿಸಿದಾಗ ಅದನ್ನು ಮೂಗಿನ ಮೇಲೆ ಎಳೆದುಕೊಳ್ಳುತ್ತಿದ್ದರು. ಆ ಬಟ್ಟೆಗೆ ಅವರು ಕೊಟ್ಟ ಹೆಸರು ಬಂಡಾನಾ. ಅದು ನಮ್ಮ ದೇಶದ್ದೇ ಮಾತು. ಬಟ್ಟೆಯನ್ನು ದಾರದಿಂದ ಕಟ್ಟಿ ಬಣ್ಣದಲ್ಲಿ ಅದ್ದುವ ಕೆಲಸಕ್ಕೆ ಹಿಂದಿಯಲ್ಲಿ ಬಾಂಧನೂ ಎನ್ನುತ್ತಾರೆ. ನಮ್ಮ ಹೆಣ್ಣುಮಕ್ಕಳು ಬಾಂಧಣಿ ಸೀರೆ ಎನ್ನುತ್ತಾರಲ್ಲ, ಅದೇ ಕಸುಬು. ಕಂಪನಿಯ ಹಡಗಿನಲ್ಲಿ ಇಲ್ಲಿಂದ ಹೋದ ಚೌಕ ಬಟ್ಟೆಯ ಜೊತೆಗೆ ಹೆಸರೂ ಸಮುದ್ರ ದಾಟಿತು.

ಹಡಗಿನ ಖಲಾಸಿಗಳ ಕೊರಳಲ್ಲಿದ್ದ ಕರಿ ವಸ್ತ್ರದ ಬಗ್ಗೆ ಒಂದು ಕಥೆ ಇದೆ. ಇಂಗ್ಲಿಷರ ನೌಕಾಧಿಪತಿ ನೆಲ್ಸನ್ 1805ರಲ್ಲಿ ಯುದ್ಧದಲ್ಲಿ ಸತ್ತಾಗ ಸೂತಕಕ್ಕೆಂದು ಅದನ್ನು ಕಟ್ಟಿದರು ಎಂದು ಹೇಳುತ್ತಾರೆ. ಕಥೆ ಚೆನ್ನಾಗಿದೆ, ಆದರೆ ಸುಳ್ಳು. ನೆಲ್ಸನ್ ಸಾಯುವ ಮೊದಲೇ ಖಲಾಸಿಗಳು ಅದನ್ನು ಕಟ್ಟುತ್ತಿದ್ದರು, ಬೆವರು ಒರೆಸಲಿಕ್ಕೆ. ಇದನ್ನು ನೀವು ನೆನಪಿಡಿರಿ. ವಸ್ತ್ರ ಮೊದಲು ಕೆಲಸಕ್ಕೆ ಬಂತು. ಅರ್ಥ, ಮಾನ, ಗುರುತು ಎಲ್ಲ ಆಮೇಲೆ ಬಂದವು.

ಈಗ ಶಾಲೆಯ ಮಾತಿಗೆ ಬರುತ್ತೇನೆ. ನಿಮ್ಮ ಮಕ್ಕಳು ಮೊಮ್ಮಕ್ಕಳು ಸ್ಕೌಟ್, ಗೈಡ್ ಎಂದು ಕೊರಳಿಗೆ ಬಣ್ಣದ ಮುಕ್ಕೋನ ಬಟ್ಟೆ ಹಾಕಿಕೊಂಡು ಆಗಸ್ಟ್ 15ಕ್ಕೆ ಧ್ವಜದ ಮುಂದೆ ನಿಲ್ಲುವುದನ್ನು ನೋಡಿದ್ದೀರಿ. ಅದಕ್ಕೆ ಸ್ಕಾರ್ಫ್ ಎನ್ನುತ್ತಾರೆ. ಬೇಡನ್ ಪೊವೆಲ್ ಎಂಬ ಇಂಗ್ಲಿಷ್ ಸೇನಾಧಿಕಾರಿ ಸ್ಕೌಟ್ ಚಳವಳಿ ಸುರು ಮಾಡಿದವರು. ಅವರು 1896ರಲ್ಲಿ ಆಫ್ರಿಕಾದ ಮಾಟಬೆಲೆ ಸೀಮೆಯಲ್ಲಿ ಬರ್ನ್‌ಹ್ಯಾಮ್ ಎಂಬ ಅಮೆರಿಕದ ಜಾಡುಗಾರನ ಸಂಗಡ ಕಾಡು ಅಲೆದರು. ಅವನ ಅಗಲ ಟೋಪಿ, ಕೊರಳ ವಸ್ತ್ರ ಅವರ ಮನಸ್ಸಿಗೆ ಹಿಡಿದವು. 1907ರ ಆಗಸ್ಟಿನಲ್ಲಿ ಬ್ರೌನ್‌ಸೀ ಎಂಬ ನಡುಗಡ್ಡೆಯಲ್ಲಿ ಸುಮಾರು 20 ಹುಡುಗರನ್ನು ಕಟ್ಟಿಕೊಂಡು ಮೊದಲ ಶಿಬಿರ ನಡೆಸಿದರು. ಶ್ರೀಮಂತರ ಮಕ್ಕಳೂ ಇದ್ದರು, ಕೂಲಿಕಾರರ ಮಕ್ಕಳೂ ಇದ್ದರು.

ಮೊದಮೊದಲು ಸ್ಕಾರ್ಫನ್ನು ಬರೀ ಗಂಟು ಹಾಕಿ ಕಟ್ಟುತ್ತಿದ್ದರು. ಗಂಟಿನಿಂದ ಬಟ್ಟೆ ಬೇಗ ಹಾಳಾಗುತ್ತಿತ್ತು. 1920ರ ದಶಕದ ಸುರುವಿನಲ್ಲಿ ಇಂಗ್ಲೆಂಡಿನ ಗಿಲ್‌ವೆಲ್ ಎಂಬ ತರಬೇತಿ ಕೇಂದ್ರದಲ್ಲಿದ್ದ ಶಾಂಕ್ಲೆ ಎಂಬಾತ ಹೆಣೆದ ಉಂಗುರ ಮಾಡಿ, ಅದರಲ್ಲಿ ಎರಡು ತುದಿ ತೂರಿಸುವ ಉಪಾಯ ಕಂಡುಹಿಡಿದ. ಅದೇ ವಾಗಲ್. ಆ ಕೇಂದ್ರಕ್ಕೆ ಜಾಗ ಕೊಳ್ಳಲು ಹಣ ಕೊಟ್ಟವರು ಮ್ಯಾಕ್ಲಾರೆನ್ ಎಂಬವರು. ಅವರ ಮನೆತನದ ಚೌಕುಳಿ ಬಟ್ಟೆಯ ಒಂದು ತುಂಡನ್ನು ಅಲ್ಲಿ ತಯಾರಾದ ಶಿಕ್ಷಕರ ಸ್ಕಾರ್ಫಿನ ಬೆನ್ನಿಗೆ ಈಗಲೂ ಹೊಲಿಯುತ್ತಾರೆ. ಕೊಟ್ಟವರನ್ನು ಮರೆಯಬಾರದು ಎಂಬುದಕ್ಕೆ ಒಂದು ತೇಪೆ! ಸ್ಕಾರ್ಫಿನ ತುದಿಗೆ ಸಣ್ಣ ಗಂಟು ಹಾಕುವ ಪದ್ಧತಿಯೂ ಇತ್ತು. ದಿನಕ್ಕೆ ಒಂದು ಒಳ್ಳೆಯ ಕೆಲಸ ಮಾಡಬೇಕು ಎಂದು ನೆನಪಿಸಲಿಕ್ಕೆ ಆ ಗಂಟು. ನಮ್ಮ ಅವ್ವಂದಿರು ಮರೆಯಬಾರದೆಂದು ಸೆರಗಿಗೆ ಗಂಟು ಹಾಕಿಕೊಳ್ಳುವಂತೆಯೇ ಇದು.

ಭಾರತದಲ್ಲಿ ಸ್ಕೌಟ್ ಸುರುವಾದದ್ದು 1909ರಲ್ಲಿ, ಬೆಂಗಳೂರಿನಲ್ಲಿ. ಆದರೆ ಮೊದಲು ಅದು ಬಿಳಿಯರ ಮಕ್ಕಳಿಗೆ ಮಾತ್ರ. ನಮ್ಮ ಮಕ್ಕಳನ್ನು ಸೇರಿಸಲಿಲ್ಲ. 1916ರಲ್ಲಿ ಮದರಾಸಿನಲ್ಲಿ ಆನಿ ಬೆಸೆಂಟ್ ಅವರು ಭಾರತೀಯ ಮಕ್ಕಳಿಗಾಗಿ ಬೇರೆ ಸಂಘ ಕಟ್ಟಿದರು. ಉತ್ತರದಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಅವರು ಸೇವಾ ಸಮಿತಿಯ ಸ್ಕೌಟ್ ದಳ ಕಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು ಎಲ್ಲವೂ ಕೂಡಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ಒಂದು ತುಂಡು ಬಟ್ಟೆ ಯಾರ ಕೊರಳಿಗೆ ಬರಬಹುದು, ಯಾರ ಕೊರಳಿಗೆ ಬರಬಾರದು ಎಂಬ ಜಗಳ ಅಲ್ಲಿಯೂ ಇತ್ತು ಎಂಬುದಕ್ಕೆ ಇಷ್ಟು ಹೇಳಿದೆ.

ನನ್ನ ಕೊರಳಿಗೆ ಸ್ಕಾರ್ಫ್ ಬಂದದ್ದು 1972ರಲ್ಲಿ. ಆ ವರ್ಷದ ಬರವನ್ನು ನಮ್ಮ ಸೀಮೆಯ ಹಿರಿಯರು ಇನ್ನೂ ಮರೆತಿಲ್ಲ. ಬಾವಿಗಳಲ್ಲಿ ನೀರಿರಲಿಲ್ಲ, ಕಣದಲ್ಲಿ ಜೋಳ ಇರಲಿಲ್ಲ. ಅಂಗಡಿಯ ಕೆಂಪು ಮಿಲೋ ತಿಂದು ದಿನ ತೆಗೆದೆವು. ಅಪ್ಪ, ಅವ್ವ ಇಬ್ಬರೂ ಸರಕಾರದ ಬರಗಾಲದ ಕೆಲಸಕ್ಕೆ ಖಡಿ ಒಡೆಯಲು ಹೋಗುತ್ತಿದ್ದರು. ಅಂಥ ವರ್ಷದಲ್ಲಿ ನಮ್ಮ ಕನ್ನಡ ಶಾಲೆಯ ಗುರುಗಳು ಸ್ಕೌಟ್ ಪಥಕ ಕಟ್ಟಿದರು. ಅಂಗಿ ಚೊಣ್ಣ ಇದ್ದದ್ದೇ ನಡೆಯುತ್ತದೆ, ಸ್ಕಾರ್ಫ್ ಮಾತ್ರ ಎಲ್ಲರದೂ ಒಂದೇ ಬಣ್ಣ ಬೇಕು ಎಂದರು.

ಅವ್ವನಿಗೆ ಹೇಳಿದೆ. ಅವ್ವ ಏನೂ ಅನ್ನಲಿಲ್ಲ. ರಾತ್ರಿ ಟ್ರಂಕು ತೆಗೆದು ಅಪ್ಪನ ಲಗ್ನದ ಕಾಲದ ದಪ್ಪ ವಸ್ತ್ರ ತೆಗೆದಳು. ಸೋಲಾಪುರದ ಕೈಮಗ್ಗದ್ದು. ಅದರಲ್ಲಿ ಒಂದು ಚೌಕ ಮಾಡಿದಳು. ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದಳು. ಎರಡು ಮುಕ್ಕೋನ ಆದವು. ಒಂದು ನನಗೆ, ಒಂದು ಅಪ್ಪನಿಗೆ. ಉಳಿದ ಪಟ್ಟಿ ರೊಟ್ಟಿ ಕಟ್ಟಲಿಕ್ಕೆ. ಸಂತೆಯಿಂದ ಹಸಿರು ಬಣ್ಣದ ಪುಡಿ ತಂದು ನನ್ನದನ್ನು ಅದ್ದಿದಳು. ಬಣ್ಣ ಸಮನಾಗಿ ಹಿಡಿಯಲಿಲ್ಲ. ಉಳಿದ ಹುಡುಗರ ಸ್ಕಾರ್ಫ್ ಅಂಗಡಿಯದು, ತೆಳ್ಳಗೆ, ಹೊಳಪಾಗಿತ್ತು. ನನ್ನದು ದಪ್ಪ, ಅಲ್ಲಲ್ಲಿ ಕಲೆ. ಬೆವರಿದಾಗ ಬಿಳಿ ಅಂಗಿಯ ಕಾಲರಿಗೆ ಹಸಿರು ಹತ್ತುತ್ತಿತ್ತು. ಹುಡುಗರು ನಕ್ಕರು. ನಾನು ಅವ್ವನ ಮೇಲೆ ಸಿಟ್ಟಾದೆ.

ಆ ಚಳಿಗಾಲ ನಾವೆಲ್ಲ ನಡೆದು ಒಂದು ಗುಡ್ಡಕ್ಕೆ ಹೋಗಿದ್ದೆವು. ಒಬ್ಬ ಹುಡುಗ ಬಂಡೆಯಿಂದ ಜಾರಿ ಬಿದ್ದ. ಮುಂಗೈ ಎಲುಬು ಮುರಿದಿತ್ತು. ಗುರುಗಳು ಒಂದೆರಡು ಸ್ಕಾರ್ಫ್ ಎಳೆದು ನೋಡಿದರು. ತೆಳುವಾದವು, ಸಣ್ಣವು, ಜೋಲಿ ಕಟ್ಟಿದರೆ ಜಗ್ಗುತ್ತಿದ್ದವು. ನನ್ನ ಕಡೆ ತಿರುಗಿ, “ನಿಂದು ಕೊಡೋ” ಎಂದರು. ಅಪ್ಪನ ವಸ್ತ್ರದ ಆ ಅರ್ಧದಲ್ಲಿ ಅವನ ಕೈ ಊರು ಮುಟ್ಟುವ ತನಕ ಅಲುಗಲಿಲ್ಲ.

ಗುರುಗಳು ಆವತ್ತು ಕಟ್ಟಿದ ರೀತಿ ನಿಮಗೂ ಹೇಳುತ್ತೇನೆ. ಹೊಲದಲ್ಲಿ, ರಸ್ತೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಚೌಕ ಬಟ್ಟೆಯನ್ನು ಮೂಲೆಗೆ ಮೂಲೆ ಮಡಚಿ ಮುಕ್ಕೋನ ಮಾಡಿರಿ. ನೊಂದ ಕೈಯನ್ನು ಮೊಣಕೈಯಲ್ಲಿ ಮಡಿಸಿ ಎದೆಗೆ ತರಬೇಕು. ಬೆರಳುಗಳು ಮೊಣಕೈಗಿಂತ ಸ್ವಲ್ಪ ಮೇಲೆ ಇರಲಿ. ಬಟ್ಟೆಯನ್ನು ಎದೆಗೂ ಕೈಗೂ ನಡುವೆ ಸರಿಸಿರಿ. ಮುಕ್ಕೋನದ ನಡುವಿನ ಮೂಲೆ ಮೊಣಕೈ ಕಡೆ ಬರಬೇಕು. ಮೇಲಿನ ತುದಿ ನೋವಿಲ್ಲದ ಹೆಗಲ ಮೇಲಿಂದ ಕತ್ತಿನ ಹಿಂದೆ ಸುತ್ತಿ ಬರಲಿ. ಕೆಳಗಿನ ತುದಿಯನ್ನು ಕೈಯ ಮೇಲಿಂದ ಎತ್ತಿ, ನೋವಿರುವ ಬದಿಯ ಹೆಗಲ ಹತ್ತಿರ ಗಂಟು ಹಾಕಿರಿ. ಗಂಟು ಕತ್ತಿನ ಎಲುಬಿನ ಮೇಲೆ ಬರಬಾರದು, ಒತ್ತುತ್ತದೆ. ಮೊಣಕೈ ಹತ್ತಿರ ಉಳಿದ ಮೂಲೆಯನ್ನು ಒಳಗೆ ಸಿಕ್ಕಿಸಿರಿ. ಬೆರಳ ತುದಿಗಳು ಹೊರಗೆ ಕಾಣುತ್ತಿರಲಿ. ಬೆರಳು ತಣ್ಣಗಾದರೆ, ಬಣ್ಣಗೆಟ್ಟರೆ ಕಟ್ಟು ಬಿಗಿಯಾಯಿತೆಂದು ತಿಳಿದು ಸಡಿಲಿಸಿರಿ. ಆಮೇಲೆ ಆಸ್ಪತ್ರೆ.

ಒಂದು ಎಚ್ಚರಿಕೆಯನ್ನೂ ಕೇಳಿರಿ. ಹಾವು ಕಚ್ಚಿದಾಗ ಅದೇ ವಸ್ತ್ರದಿಂದ ಕೈಕಾಲನ್ನು ಬಿಗಿದು ಕಟ್ಟುವ ರೂಢಿ ನಮ್ಮಲ್ಲಿದೆ. ಅದು ತಪ್ಪು. ರಕ್ತ ಓಡಾಡದೆ ಆ ಅಂಗವೇ ಹೋಗಬಹುದು. ಕಚ್ಚಿದ ಅಂಗವನ್ನು ಅಲುಗಾಡಿಸದೆ, ರೋಗಿಯನ್ನು ನಡೆಸದೆ, ಬೇಗ ಆಸ್ಪತ್ರೆಗೆ ಒಯ್ಯಬೇಕು. ಇನ್ನೊಂದು, ರಾಶಿಯ ಮಷೀನಿನ ಹತ್ತಿರ, ಹಿಟ್ಟಿನ ಗಿರಣಿಯ ಪಟ್ಟಾದ ಹತ್ತಿರ, ಮೋಟರ್ ಸೈಕಲ್ಲಿನ ಹಿಂದೆ ಕುಳಿತಾಗ ಕೊರಳಲ್ಲಿ ವಸ್ತ್ರ, ಸೆರಗು, ಓಢಣಿ ಜೋಲಾಡಬಾರದು. 1927ರಲ್ಲಿ ಇಸಡೋರಾ ಡಂಕನ್ ಎಂಬ ಹೆಸರಾಂತ ನರ್ತಕಿ ಫ್ರಾನ್ಸಿನಲ್ಲಿ ಮೋಟಾರಿನಲ್ಲಿ ಹೋಗುವಾಗ ಕೊರಳ ವಸ್ತ್ರ ಗಾಲಿಗೆ ಸುತ್ತಿಕೊಂಡು ಸತ್ತಳು. ಕಣದಲ್ಲಿ ಯಂತ್ರ ಸುರುವಾಗುವ ಮೊದಲು ವಸ್ತ್ರವನ್ನು ತೆಗೆದು ಗಿಡಕ್ಕೆ ಹಾಕಿರಿ. ಬೆವರು ಆಮೇಲೆ ಒರೆಸಿದರಾಯಿತು.

ವಸ್ತ್ರ ಕೈ ಉಳಿಸುತ್ತದೆ, ಜೀವ ತೆಗೆಯಲೂ ಬಲ್ಲದು. ಠಗ್ಗರ ಕಥೆ ನೀವು ಕೇಳಿದ್ದೀರಿ. ದಾರಿಹೋಕರ ಸ್ನೇಹ ಮಾಡಿ, ರುಮಾಲಿನಿಂದ ಕೊರಳು ಬಿಗಿದು ಲೂಟಿ ಮಾಡುತ್ತಿದ್ದರೆಂದು ಇಂಗ್ಲಿಷರು ಬರೆದಿಟ್ಟರು. 1839ರಲ್ಲಿ ಠಗ್ಗನೊಬ್ಬನ ಕಾದಂಬರಿ ಬರೆದು ಹೆಸರಾದ ಮೆಡೋಸ್ ಟೇಲರ್ ಸಾಹೇಬರು ನಮ್ಮ ನೆರೆಯವರೇ. ಸುರಪುರದಲ್ಲಿ ಹಲವು ವರ್ಷ ಇದ್ದು, ಆಮೇಲೆ ನಮ್ಮ ಪಕ್ಕದ ನಳದುರ್ಗದಲ್ಲಿ ಅಧಿಕಾರಿಯಾಗಿದ್ದರು. ಆ ಕಥೆಗಳಲ್ಲಿ ನಿಜವೆಷ್ಟು, ಇಂಗ್ಲಿಷರು ಬೆಳೆಸಿದ್ದೆಷ್ಟು ಎಂದು ಈಗಿನ ಇತಿಹಾಸಕಾರರು ವಾದ ಮಾಡುತ್ತಾರೆ. ನನಗೆ ಅನ್ನಿಸುವುದು ಇಷ್ಟು: ಎಲ್ಲರ ಹೆಗಲ ಮೇಲೂ ಇರುವ ಬಟ್ಟೆಯಾದ್ದರಿಂದ ಅದರ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ.

ಎಲ್ಲರ ಹೆಗಲ ಮೇಲೂ ಎಂದೆ. ಅದು ಪೂರ್ತಿ ನಿಜವಲ್ಲ. ಹೆಗಲ ಮೇಲೆ ಬಟ್ಟೆ ಹಾಕುವ ಹಕ್ಕು ನಮ್ಮ ದೇಶದಲ್ಲಿ ಎಲ್ಲರಿಗೂ ಇರಲಿಲ್ಲ. ಕೇರಳದ ತಿರುವಾಂಕೂರು ಸೀಮೆಯಲ್ಲಿ ನಾಡಾರ್ ಹೆಣ್ಣುಮಕ್ಕಳು ಎದೆ ಮೇಲೆ ಬಟ್ಟೆ ಹೊದೆಯಲು ಹಲವು ದಶಕ ಹೋರಾಡಬೇಕಾಯಿತು. ಪೆಟ್ಟು ತಿಂದರು, ಬಟ್ಟೆ ಹರಿಸಿಕೊಂಡರು. 1859ರಲ್ಲಿ ಅಲ್ಲಿಯ ಮಹಾರಾಜರು ಅಪ್ಪಣೆ ಕೊಟ್ಟರು. ಆ ಅಪ್ಪಣೆಯಲ್ಲೂ ಮೇಲ್ಜಾತಿಯ ಹೆಂಗಸರಂತೆ ಹೊದೆಯಬಾರದು ಎಂಬ ಷರತ್ತಿತ್ತು. ಕೆಳಗಿನವರು ಎನಿಸಿಕೊಂಡ ಗಂಡಸರು ದೊಡ್ಡವರ ಎದುರು ಹೆಗಲ ವಸ್ತ್ರ ಇಳಿಸಿ ಸೊಂಟಕ್ಕೆ ಕಟ್ಟುವುದು, ಇಲ್ಲವೆ ಕಂಕುಳಲ್ಲಿ ಹಿಡಿಯುವುದು ದಕ್ಷಿಣದ ಎಷ್ಟೋ ಕಡೆ ನಡೆದುಬಂದ ರೂಢಿ.

ಇದು ನಮ್ಮ ಊರಿನಲ್ಲಿಯೂ ಇತ್ತು. ಆ ಬರಗಾಲದ ವರ್ಷ ಒಂದು ಶನಿವಾರ ಅವ್ವನಿಗೆ ಬುತ್ತಿ ಕೊಡಲು ಖಡಿ ಒಡೆಯುವ ಜಾಗಕ್ಕೆ ಹೋದೆ. ಶಾಲೆಯಿಂದ ನೇರ ಹೋಗಿದ್ದೆ, ಕೊರಳಲ್ಲಿ ಸ್ಕಾರ್ಫ್ ಇತ್ತು. ಅಪ್ಪ ತನ್ನ ಅರ್ಧ ವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡು ಕಲ್ಲಿನ ದೂಳಿನಲ್ಲಿ ಕುಳಿತಿದ್ದ. ಅಷ್ಟರಲ್ಲಿ ಮಸ್ಟರ್ ಬರೆಯುವ ಕಾರಕೂನ ಬಂದ. ಇಪ್ಪತ್ತೈದರ ಹುಡುಗ. ಅಪ್ಪ ತಟ್ಟನೆ ಎದ್ದು, ಮುಖದ ವಸ್ತ್ರ ಬಿಚ್ಚಿ, ಮಡಚಿ ಕಂಕುಳಲ್ಲಿ ಹಿಡಿದು ನಿಂತ. ದೂಳಿಗೆ ಕೆಮ್ಮು ಬಂತು. ಆದರೂ ಹಾಜರಿ ಬರೆದು ಅವನು ಮುಂದೆ ಹೋಗುವ ತನಕ ವಸ್ತ್ರ ಮೂಗಿಗೆ ಹೋಗಲಿಲ್ಲ. ಅದರ ಇನ್ನೊಂದು ಅರ್ಧ ನನ್ನ ಕೊರಳಲ್ಲಿತ್ತು. ನಾನು ಅದನ್ನು ತೆಗೆಯಲಿಲ್ಲ. ಯಾರೂ ತೆಗೆಯೆಂದು ಹೇಳಲೂ ಇಲ್ಲ. ಸ್ಕೌಟಿನವನು ಜಿಲ್ಲಾಧಿಕಾರಿ ಬಂದರೂ ಸ್ಕಾರ್ಫ್ ಹಾಕಿಕೊಂಡೇ ನಿಲ್ಲುತ್ತಾನೆ. ಅದು ಅವನ ಸಮವಸ್ತ್ರ. ಒಂದೇ ಬಟ್ಟೆಯ ಎರಡು ತುಂಡಿಗೆ ಎರಡು ನ್ಯಾಯ.

ಮುಂದೆ ಎಸ್.ಎಸ್.ಸಿ. ಪಾಸಾಗಿ ನಾನೂ ಕಾರಕೂನನಾದೆ, ಬ್ಯಾಂಕಿನ ಕಾರಕೂನ. ಕೌಂಟರಿನ ಜಾಲಿಯ ಒಳಗೆ ನಾನು, ಹೊರಗೆ ನಿಮ್ಮಂಥವರು. ಪೀಕ ಸಾಲಕ್ಕೆ, ಬೀಜ ಗೊಬ್ಬರದ ರೊಕ್ಕಕ್ಕೆ ಬಂದ ಹಿರಿಯರು ಜಾಲಿಯ ಮುಂದೆ ಬರುತ್ತಲೇ ಹೆಗಲ ವಸ್ತ್ರ ಇಳಿಸಿ ಕಂಕುಳಲ್ಲಿ ಹಿಡಿಯುತ್ತಿದ್ದರು. ನಾನು ದಿನಾ ನೋಡುತ್ತಿದ್ದೆ. ಲೆಕ್ಕ ತಪ್ಪಬಾರದು, ಸಹಿ ತಾಳೆಯಾಗಬೇಕು ಎಂಬುದರ ಮೇಲೆ ನನ್ನ ಗಮನ. ಅವರ ಸಾಲ, ಅವರದೇ ಠೇವಣಿ. ಆದರೂ ವಸ್ತ್ರ ಕಂಕುಳಲ್ಲಿ. ಎಷ್ಟೋ ವರ್ಷ ನಾನು ಒಂದು ಮಾತು ಆಡಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೆ ಅದು ನನಗೆ ಹಿತವಾಗಿಯೇ ಇತ್ತು.

ಅಪ್ಪ ತೀರಿಕೊಂಡ ವರ್ಷ, ದಿನಕರ್ಮ ಮುಗಿಸಿ ಮತ್ತೆ ಕೆಲಸಕ್ಕೆ ಹೋದ ದಿನ, ಒಬ್ಬ ಮುದುಕ ಬಂದ. ವಸ್ತ್ರದ ತುದಿಯ ಗಂಟಿನಲ್ಲಿ ರೊಕ್ಕ ಇತ್ತು, ಕಂತು ತುಂಬಲು ತಂದದ್ದು. ಗಂಟು ಬಿಚ್ಚಲು ಅವನಿಗೆ ಎರಡೂ ಕೈ ಬೇಕು. ಆದರೆ ವಸ್ತ್ರ ಕಂಕುಳಲ್ಲಿ ಒತ್ತಿ ಹಿಡಿದಿದ್ದಾನೆ. ಒಂದೇ ಕೈಯಿಂದ, ಹಲ್ಲಿನಿಂದ ಬಿಚ್ಚಲು ಒದ್ದಾಡುತ್ತಿದ್ದ. ಹಿಂದೆ ಸಾಲು ಬೆಳೆಯಿತು, ಮಂದಿ ಗದ್ದಲ ಮಾಡಿದರು. ನಾನು ಹೊರಗೆ ಬಂದೆ.

“ಮುತ್ಯಾ, ಅದನ್ನ ಹೆಗಲ ಮ್ಯಾಲ ಹಾಕ್ಕೋರಿ. ಆಮ್ಯಾಲ ಸಾವಕಾಶ ಬಿಚ್ಚರಿ” ಎಂದೆ.

“ಇರ್ಲಿ ಬಿಡ್ರಿ ಸಾಹೇಬ್ರ, ಇದು ಬ್ಯಾಂಕ್ ಐತಿ” ಎಂದ ಮುದುಕ.

“ಬ್ಯಾಂಕ್ ಆದ್ರ ಏನಾತ್ರಿ? ರೊಕ್ಕ ನಿಮ್ದ ಐತಿ.”

ಅವನು ನನ್ನ ಮುಖ ನೋಡಿದ. ಚೇಷ್ಟೆ ಮಾಡುತ್ತೇನೋ ಎಂದು ಅಂಜಿಕೆ ಅವನಿಗೆ. ನಾನೇ ವಸ್ತ್ರ ತೆಗೆದು ಅವನ ಹೆಗಲ ಮೇಲೆ ಹಾಕಿದೆ. ಎರಡೂ ಕೈಯಿಂದ ಗಂಟು ಬಿಚ್ಚಿ, ನೋಟು ಎಣಿಸಿ, ಪಾವತಿ ತೆಗೆದುಕೊಂಡು ಹೋದ. ಹೊರಗಿನ ಮೆಟ್ಟಿಲು ಇಳಿಯುವ ತನಕ ವಸ್ತ್ರ ಹೆಗಲ ಮೇಲೆಯೇ ಇತ್ತು. ಇದು ದೊಡ್ಡ ಕೆಲಸವೇನಲ್ಲ. ಆದರೆ ಅಪ್ಪ ಬದುಕಿದ್ದಾಗ ಈ ಮಾತು ನನಗೆ ಹೊಳೆಯಲಿಲ್ಲವಲ್ಲ ಎಂಬುದು ಇನ್ನೂ ಹೋಗಿಲ್ಲ. ಅಂದಿನಿಂದ ನಿವೃತ್ತಿಯ ತನಕ ನನ್ನ ಜಾಲಿಯ ಮುಂದೆ ಯಾರು ವಸ್ತ್ರ ಇಳಿಸಿದರೂ “ಹಾಕ್ಕೋರಿ” ಎಂದು ಹೇಳಿಯೇ ಚೀಟಿ ತೆಗೆದುಕೊಂಡೆ.

ಕೆಳಗಿಳಿಸುವ ಬಟ್ಟೆಯೇ ನಮ್ಮಲ್ಲಿ ಏರಿಸುವ ಬಟ್ಟೆಯೂ ಆಗಿದೆ. ಲಗ್ನದಲ್ಲಿ ಟಾವೆಲ್ ಟೋಪಿ ಆಯೇರಿ ಮಾಡುತ್ತೇವೆ. ಬೀಗರು, ಸೋದರಮಾವ, ಪಂಚರು, ಪಾಟೀಲರು ಎಲ್ಲರ ಹೆಗಲ ಮೇಲೂ ಒಂದೊಂದು. ಹೆಸರು ಕರೆಯುವವನು ಮರೆತರೆ ಅಲ್ಲಿಯೇ ಜಗಳ. ಆ ಟಾವೆಲ್ಲು ಬಿಚ್ಚದೆಯೇ ಮುಂದಿನ ಲಗ್ನಕ್ಕೆ ಹೋಗಿ, ಅಲ್ಲಿಂದ ಮತ್ತೊಂದಕ್ಕೆ ಹೋಗಿ, ಒಮ್ಮೊಮ್ಮೆ ಕೊಟ್ಟವನ ಹೆಗಲಿಗೇ ತಿರುಗಿ ಬರುವುದೂ ಉಂಟು. ಮೈ ಒರೆಸಲು ಹೋದರೆ ನೀರು ಹಿಡಿಯದಷ್ಟು ತೆಳುವಾದದ್ದನ್ನು ಆಯೇರಿಗೆ ಕೊಡುತ್ತೇವೆ. ಪಕ್ಕದ ಸೋಲಾಪುರದ ಚಾದರಕ್ಕೂ ಟೆರಿ ಟಾವೆಲ್ಲಿಗೂ ಸರಕಾರದ ಭೌಗೋಳಿಕ ಗುರುತು ಸಿಕ್ಕಿದೆ. ಕನ್ನಡ, ಮರಾಠಿ, ತೆಲುಗು ಮೂರೂ ಮಾತಾಡುವ ನೇಕಾರರು ನೇಯ್ದ ಸರಕು ಅದು. ಹತ್ತು ತೆಳ್ಳನೆಯವು ಕೊಡುವ ಬದಲು ಉಪಯೋಗಕ್ಕೆ ಬರುವ ಒಂದು ಕೊಟ್ಟರೆ ಕೊಟ್ಟವನಿಗೂ ಮಾನ, ನೇಕಾರನಿಗೂ ಅನ್ನ.

ಚುನಾವಣೆ ಬಂದಾಗಿನ ಮಾತು ಬೇರೆ. ನಮ್ಮ ಊರಿನ ಒಬ್ಬ ಹಿರಿಯ ಒಂದೇ ತಿಂಗಳಲ್ಲಿ ಮೂರು ಬಣ್ಣದ ವಸ್ತ್ರ ಕೊರಳಿಗೆ ಹಾಕಿಸಿಕೊಂಡ. ಕೇಳಿದರೆ, “ಟ್ರ್ಯಾಕ್ಟರ್ ಒರಸಾಕ ಆಗ್ತಾವ, ಯಾಕ ಬ್ಯಾಡನ್ಲಿ?” ಎಂದ. ಕೊಟ್ಟವರಿಗೆ ಗುರುತು, ಅವನಿಗೆ ಉಪಯೋಗ. ಅವನೇ ಜಾಣ ಎಂದು ನನಗೆ ಅನ್ನಿಸಿತು.

ಸೋಲಾಪುರದ ಸಿದ್ಧರಾಮನ ಗಡ್ಡಾ ಜಾತ್ರೆಯನ್ನು ನೀವು ನೋಡಿದ್ದೀರಿ. ಸಂಕ್ರಾಂತಿಗೆ ಏಳು ನಂದಿಕೋಲು ಹೊರಡುತ್ತವೆ. ಹಿಡಿಯುವವರು ಬಿಳಿ ಬಾರಾಬಂದಿ ತೊಡುತ್ತಾರೆ. ಅದೂ ಗುಂಡಿಯಿಲ್ಲದ, ಬಂದಿಗಳಿಂದ ಕಟ್ಟುವ ಉಡುಪು. ಆ ದಿನ ಆ ಸಾಲಿನಲ್ಲಿ ಕೂಲಿಯವನು ಯಾರು, ಅಂಗಡಿಯವನು ಯಾರು ಎಂದು ಗುರುತು ಹತ್ತುವುದಿಲ್ಲ. ಸಮವಸ್ತ್ರದ ಒಳ್ಳೆಯ ಗುಣ ಇದೇ. ಶಾಲೆಯ ಸ್ಕಾರ್ಫಿಗೂ ಇದೇ ಗುಣ ಬೇಕು. ಜಗತ್ತಿನ ಸ್ಕೌಟರು ಆಗಸ್ಟ್ 1ನ್ನು ಸ್ಕಾರ್ಫ್ ದಿನ ಎಂದು ಆಚರಿಸುತ್ತಾರೆ. ಒಂದು ಕಾಲಕ್ಕೆ ಸ್ಕೌಟ್ ಆಗಿದ್ದವರು ಆ ದಿನ ಕೆಲಸದ ಜಾಗಕ್ಕೂ ಅದನ್ನು ಹಾಕಿಕೊಂಡು ಹೋಗುತ್ತಾರೆ.

ಶ್ರೋತೃಗಳೇ, ನನ್ನ ಹಸಿರು ಮುಕ್ಕೋನ ಇನ್ನೂ ಟ್ರಂಕಿನಲ್ಲಿದೆ. ಬಣ್ಣ ಪೂರ್ತಿ ಹೋಗಿ ಅಪ್ಪನ ವಸ್ತ್ರದ ಬಿಳುಪೇ ಉಳಿದಿದೆ. ಅಪ್ಪನ ಅರ್ಧ ಉಳಿಯಲಿಲ್ಲ. ಅದು ದುಡಿದು ಹರಿದು ಹೋಯಿತು. ವಸ್ತ್ರಕ್ಕೆ ಅದೇ ಒಳ್ಳೆಯ ಗತಿ ಎಂದು ಈಗ ತಿಳಿಯುತ್ತದೆ.

ನಿಮ್ಮ ಮನೆಯಲ್ಲಿ ಸ್ಕೌಟ್ ಗೈಡ್ ಆಗಿರುವ ಮಗು ಇದ್ದರೆ ಇವತ್ತು ಸಂಜೆ ಕರೆದು, “ಈ ಸ್ಕಾರ್ಫಿನಿಂದ ಕೈಗೆ ಜೋಲಿ ಹೆಂಗ ಕಟ್ಟತಿ, ತೋರಿಸು” ಎಂದು ಕೇಳಿರಿ. ಬಾರದಿದ್ದರೆ ನಾನು ಹೇಳಿದಂತೆ ನೀವೇ ಕಲಿಸಿರಿ. ನಾಳೆ ನೀವು ತಹಸೀಲ ಕಚೇರಿಗೋ ಬ್ಯಾಂಕಿಗೋ ಹೋದಾಗ ಹೆಗಲ ವಸ್ತ್ರ ಹೆಗಲ ಮೇಲೆಯೇ ಇರಲಿ. ಜಾಲಿಯ ಒಳಗೆ ಕುಳಿತವರು ನೀವಾಗಿದ್ದರೆ, ಎದುರಿಗೆ ನಿಂತವರ ಕಂಕುಳ ಕಡೆ ಒಮ್ಮೆ ನೋಡಿರಿ.